ಸೀರೆ ಬಿಟ್ಟ ಅಕ್ಕನಿಗೆ ಕಲ್ಯಾಣ ಕೇಳಿದ ಪ್ರಶ್ನೆ

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದ್ ಸಿಗುತ್ತದೆ. ಇಲ್ಲಿ ಬಸ್ಸಿಳಿಯುವ ಯಾತ್ರಿಕರಲ್ಲಿ ಹೆಚ್ಚಿನವರು ವೀರಭದ್ರೇಶ್ವರನ ಗುಡಿಗೋ ಮಾಣಿಕನಗರಕ್ಕೋ ಹೋಗುವವರು. ಅದೇ ತಾಲ್ಲೂಕಿನ ಜಲಸಂಗಿಯ ಕಡೆ ಹೊರಳುವವರು ಕಡಿಮೆ. ಅಲ್ಲಿಯ ಕಲ್ಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಗುಡಿಯ ಹೊರಗೋಡೆಯ ಮೇಲೆ ಮದನಿಕೆಯರ ಸಾಲೇ ಇದೆ. ಶಿಲ್ಪಿ ಅವರ ಮೈಮಾಟವನ್ನು ಯಾವ ಸಂಕೋಚವೂ ಇಲ್ಲದೆ ಕಡೆದಿದ್ದಾನೆ. ಇವರಲ್ಲಿ ಒಬ್ಬಳು ಮಾತ್ರ ಕುಣಿಯುತ್ತಿಲ್ಲ, ಸಿಂಗರಿಸಿಕೊಳ್ಳುತ್ತಲೂ ಇಲ್ಲ. ಫಲಕವೊಂದರ ಮೇಲೆ ಏನನ್ನೋ ಬರೆಯುತ್ತಿದ್ದಾಳೆ. ಆ ಅಕ್ಷರಗಳನ್ನು ಇಂದಿಗೂ ಓದಬಹುದು. ಅದು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ.

ಈ ಕಲ್ಲಿನ ಹೆಣ್ಣುಗಳನ್ನು ನೋಡಿ ಆ ಕಾಲದವರು ಮುಜುಗರಪಟ್ಟ ದಾಖಲೆ ಇಲ್ಲ. ದೇವರ ದರ್ಶನಕ್ಕೆ ಬಂದವರು ಅವರನ್ನು ದಾಟಿಯೇ ಒಳಗೆ ಹೋಗುತ್ತಿದ್ದರು. ಆದರೆ ಈ ಶಿಲ್ಪಗಳನ್ನು ಕಡೆದ ಕೆಲವೇ ದಶಕಗಳ ನಂತರ, ಅದೇ ಸೀಮೆಯ ರಾಜಧಾನಿಯಾದ ಕಲ್ಯಾಣಕ್ಕೆ, ಇಂದಿನ ಬಸವಕಲ್ಯಾಣಕ್ಕೆ, ಜೀವಂತ ಹೆಣ್ಣೊಬ್ಬಳು ಮೈಮೇಲೆ ಬಟ್ಟೆಯಿಲ್ಲದೆ ನಡೆದುಬಂದಳು ಎನ್ನುತ್ತವೆ ನಮ್ಮ ಕಾವ್ಯಗಳು. ಆಗ ಮಾತ್ರ ಇಡೀ ಸಭೆ ಪ್ರಶ್ನೆ ಎತ್ತಿತು. ಆಕೆಯೇ ಉಡುತಡಿಯ ಮಹಾದೇವಿ, ನಾಡು ಅಕ್ಕ ಎಂದು ಕರೆಯುವ ವಚನಕಾರ್ತಿ.

ತೆರೆಯ ಮೇಲೆ ನಗ್ನತೆ ಎಷ್ಟಿರಬೇಕು ಎಂಬ ಜಗಳ ಇಂದು ಮನೆಮನೆಯದು. ಹದಿಹರೆಯದವರ ಬದುಕನ್ನು ಹೇಳುವ ವಿದೇಶಿ ಧಾರಾವಾಹಿಗಳು ಮೊಬೈಲಿನಲ್ಲೇ ಸಿಗುತ್ತಿರುವಾಗ ಈ ಜಗಳ ಇನ್ನಷ್ಟು ಬಿಸಿಯಾಗಿದೆ. ಒಂದು ಗುಂಪು ಕತ್ತರಿ ಹಿಡಿಯುತ್ತದೆ. ಇನ್ನೊಂದು ಗುಂಪು ಕಲೆಯ ಸ್ವಾತಂತ್ರ್ಯದ ಮಾತಾಡುತ್ತದೆ. ಎಷ್ಟು ತೋರಿಸಬಹುದು ಎಂಬುದರಲ್ಲೇ ವಾದ ಮುಗಿದುಹೋಗುತ್ತದೆ. ಆ ಪಾತ್ರ ಯಾರು, ಅವಳು ಏನು ಹೇಳುತ್ತಾಳೆ, ಅವಳನ್ನು ನೋಡುತ್ತಿರುವವರು ಯಾರು ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಎಂಟುನೂರು ವರ್ಷಗಳಿಂದ ಬಟ್ಟೆ ಬಿಟ್ಟ ಯುವತಿಯೊಬ್ಬಳ ಕತೆಯನ್ನು ಮತ್ತೆ ಮತ್ತೆ ಹೇಳುತ್ತ ಬಂದ ಕನ್ನಡಕ್ಕೆ ಈ ಪ್ರಶ್ನೆಗಳು ಹೊಸವಲ್ಲ.

ನೋಡುವುದನ್ನು ಕಲಿತಿದ್ದ ನಗರ

11ನೇ ಶತಮಾನದ ನಡುಭಾಗದಲ್ಲಿ ಒಂದನೆಯ ಸೋಮೇಶ್ವರ ಕಲ್ಯಾಣವನ್ನು ಚಾಲುಕ್ಯರ ರಾಜಧಾನಿ ಮಾಡಿದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಐವತ್ತು ವರ್ಷ ಆಳಿದ. ದೂರದ ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ಈ ದೊರೆಯ ಆಸ್ಥಾನದಲ್ಲಿದ್ದು ‘ವಿಕ್ರಮಾಂಕದೇವಚರಿತ’ ಬರೆದ. ಕರಹಾಟದ ಶಿಲಾಹಾರ ರಾಜಕುಮಾರಿ ಚಂದ್ರಲೇಖೆಯ ಚೆಲುವನ್ನು ಅವನು ಅಡಿಯಿಂದ ಮುಡಿಯವರೆಗೆ ವರ್ಣಿಸಿದ್ದಾನೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ರಚಿಸಿದ. ಅರಸನಾದವನು ಅನುಭವಿಸಬೇಕಾದ ಭೋಗಗಳ ಪಟ್ಟಿಯಲ್ಲಿ ವಸ್ತ್ರೋಪಭೋಗಕ್ಕೆ ಅಲ್ಲಿ ಪ್ರತ್ಯೇಕ ಭಾಗವೇ ಇದೆ.

ಇದೇ ರಾಜ್ಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಹೆಣ್ಣಿನ ಸ್ವತ್ತಾದ ಸ್ತ್ರೀಧನಕ್ಕೆ ವಿಶಾಲವಾದ ಅರ್ಥ ಕೊಟ್ಟ ಗ್ರಂಥ ಅದು. ಹಿಂದೂ ಕಾನೂನಿನ ಮೇಲೆ ಅದರ ಪ್ರಭಾವ ಶತಮಾನಗಳ ಕಾಲ ಉಳಿಯಿತು.

ಹೀಗೆ ಹೆಣ್ಣಿನ ದೇಹಕ್ಕೆ, ಉಡುಗೆಗೆ, ಆಸ್ತಿಗೆ ಕಲ್ಯಾಣದಲ್ಲಿ ಶಾಸ್ತ್ರವೂ ಇತ್ತು, ಕಾವ್ಯವೂ ಇತ್ತು, ಶಿಲ್ಪವೂ ಇತ್ತು. ಇವನ್ನೆಲ್ಲ ಮಾಡಿದವರು ಗಂಡಸರು. ಜಲಸಂಗಿಯಲ್ಲಿ ಕಲ್ಲಿನ ಹೆಣ್ಣು ಬರೆಯುತ್ತಿರುವುದು ನಿಜವಾದರೂ ಆಕೆ ಬರೆದಿರುವುದು ಅರಸನ ಮಾತನ್ನು. 12ನೇ ಶತಮಾನದ ನಡುವೆ ಅಧಿಕಾರ ಚಾಲುಕ್ಯರ ಕೈತಪ್ಪಿ ಕಳಚುರಿ ಬಿಜ್ಜಳನ ಕೈಗೆ ಹೋಯಿತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ಶರಣರು ಸೇರಿದರು. ಹೆಣ್ಣು ತನ್ನ ದೇಹದ ಬಗ್ಗೆ ತಾನೇ ಮಾತಾಡಿದ್ದು ಕಲ್ಯಾಣದಲ್ಲಿ ಕೇಳಿಬಂದದ್ದು ಈ ಘಟ್ಟದಲ್ಲಿ.

ಮೂರು ಕೃತಿ, ಮೂವರು ಮಹಾದೇವಿಯರು

ಮಹಾದೇವಿಯ ಊರು ಇಂದಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಉಡುತಡಿ. ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ನಂಬಿದ ಹುಡುಗಿ; ಅವಳನ್ನು ಕಂಡು ಮರುಳಾದ ಅರಸ ಕೌಶಿಕ; ಅವನ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಅವಳು ಹೊರಟಿದ್ದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ಕತೆಯನ್ನು ಹೇಳಿದವರೆಲ್ಲ ಒಂದೇ ರೀತಿ ಹೇಳಿಲ್ಲ. ಬಟ್ಟೆ ಕಳಚಿದ ಆ ಒಂದು ಗಳಿಗೆಯನ್ನು ಹೇಗೆ ಹೇಳಬೇಕೆಂಬ ಕಷ್ಟ ಪ್ರತಿಯೊಬ್ಬ ಕವಿಗೂ ಎದುರಾಗಿದೆ.

ಅಕ್ಕನ ಕಾಲಕ್ಕೆ ತೀರ ಹತ್ತಿರದವನು ಹಂಪೆಯ ಹರಿಹರ. ಅವನ ರಗಳೆಯಲ್ಲಿ ಮಹಾದೇವಿ ಕೌಶಿಕನನ್ನು ಮದುವೆಯಾಗುತ್ತಾಳೆ. ಆದರೆ ಷರತ್ತು ಹಾಕಿಯೇ ಅರಮನೆಗೆ ಕಾಲಿಡುತ್ತಾಳೆ. ತನ್ನ ಪೂಜೆಗೆ, ಶಿವಭಕ್ತರ ಸಂಗಕ್ಕೆ, ಗುರುಸೇವೆಗೆ ಅಡ್ಡಿ ಬರಬಾರದು. ಮೂರು ತಪ್ಪಿನವರೆಗೆ ಸಹಿಸುವೆ, ಆಮೇಲೆ ಇಲ್ಲ. ಕೌಶಿಕ ಒಂದೊಂದಾಗಿ ತಪ್ಪುತ್ತಾನೆ. ಕೊನೆಯ ತಪ್ಪಿನ ಹೊತ್ತಿಗೆ ಅವನ ಕೈ ಅವಳ ಸೀರೆಯ ಮೇಲಿರುತ್ತದೆ. ಇಂಥ ಭಕ್ತೆಗೆ ಬಟ್ಟೆ ಏಕೆ ಎಂಬ ಅವನ ಹಂಗಿನ ಮಾತನ್ನೇ ನಿಜ ಮಾಡಿ ಅವಳು ಹೊರಡುತ್ತಾಳೆ. ಇಲ್ಲಿ ನಗ್ನತೆ ಆಕಾಶದಿಂದ ಇಳಿದ ಪವಾಡವಲ್ಲ. ಗಂಡಹೆಂಡಿರ ನಡುವಿನ ಒಪ್ಪಂದ ಮುರಿದು, ಅವಮಾನವಾಗಿ, ಆ ಅವಮಾನದಿಂದ ಹುಟ್ಟಿದ ತೀರ್ಮಾನ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹರಿಹರನ ಮಹಾದೇವಿ ಕಲ್ಯಾಣಕ್ಕೆ ಹೋಗುವುದೇ ಇಲ್ಲ. ಉಡುತಡಿಯಿಂದ ಅವಳ ದಾರಿ ನೇರವಾಗಿ ಶ್ರೀಶೈಲಕ್ಕೆ.

ಸುಮಾರು ಇನ್ನೂರು ವರ್ಷಗಳ ನಂತರ, 15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಚಾಮರಸ ‘ಪ್ರಭುಲಿಂಗಲೀಲೆ’ ಬರೆದ. ಅವನ ಕಾವ್ಯದ ಚೌಕಟ್ಟೇ ಬೇರೆ. ಅಲ್ಲಮನನ್ನು ಸೋಲಿಸಲು ಪಾರ್ವತಿ ತನ್ನ ತಾಮಸ ಕಳೆಯನ್ನು ಬನವಸೆಯಲ್ಲಿ ಮಾಯೆಯಾಗಿ ಹುಟ್ಟಿಸುತ್ತಾಳೆ. ಅದು ಸೋತ ಮೇಲೆ ಸಾತ್ವಿಕ ಕಳೆ ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟುತ್ತದೆ. ಕೌಶಿಕನೊಡನೆ ದಾಂಪತ್ಯ ಇಲ್ಲಿ ನಡೆಯುವುದಿಲ್ಲ. ಹುಟ್ಟಿದಾಗಲೇ ದೇವಿಯ ಅಂಶವಾದವಳಿಗೆ ಅಂಜಿಕೆ ಏನು, ಅನುಮಾನ ಏನು? ಓದುಗನಿಗೂ ಮುಜುಗರ ತಪ್ಪುತ್ತದೆ. ಆದರೆ ಹರಿಹರನಲ್ಲಿ ಷರತ್ತು ಹಾಕಿ, ಸಹಿಸಿ, ಸಿಡಿದು ಹೊರಟ ಆ ಹೆಣ್ಣು ಇಲ್ಲಿ ಸ್ವಲ್ಪ ಮಸುಕಾಗುತ್ತಾಳೆ. ಮದುವೆ ಆಯಿತೇ ಇಲ್ಲವೇ ಎಂಬುದನ್ನು ಹಿಡಿದು ಕನ್ನಡ ವಿದ್ವಾಂಸರು ಬಹುಕಾಲ ವಾದ ಮಾಡಿದ್ದಾರೆ. ಅಕ್ಕನಿಗೆ ಸಂಸಾರದ ಅನುಭವ ಇರಬಾರದೆಂಬ ಹಂಬಲ ಆ ವಾದದಲ್ಲಿ ಇಣುಕುವುದುಂಟು.

ಮೂರನೆಯದು ‘ಶೂನ್ಯಸಂಪಾದನೆ’. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ಈ ಕೃತಿಯನ್ನು ಮುಂದೆ ಬೇರೆ ಮೂವರು ಪರಿಷ್ಕರಿಸಿ ವಿಸ್ತರಿಸಿದರು. ಶರಣರ ವಚನಗಳನ್ನೇ ಪ್ರಶ್ನೋತ್ತರದಂತೆ ಜೋಡಿಸಿ ಕಟ್ಟಿದ, ಒಂದು ರೀತಿಯಲ್ಲಿ ನಾಟಕದಂಥ ಗ್ರಂಥ. ಮಹಾದೇವಿ ಕಲ್ಯಾಣಕ್ಕೆ ಬಂದದ್ದು, ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಎದುರು ನಿಂತದ್ದು ಇಷ್ಟು ವಿವರವಾಗಿ ನಮಗೆ ಸಿಗುವುದು ಇಲ್ಲಿ. ಆ ಸಂವಾದ 12ನೇ ಶತಮಾನದಲ್ಲಿ ಇದೇ ಕ್ರಮದಲ್ಲಿ ನಡೆಯಿತೆಂದು ಹೇಳುವ ಶಾಸನವಿಲ್ಲ. ನಾವು ಓದುತ್ತಿರುವುದು ಮುನ್ನೂರು ವರ್ಷಗಳ ನಂತರದ ಜೋಡಣೆ. ಆದರೂ ಕಲ್ಯಾಣ ಎಂದರೆ ಏನು ಎಂದು ಕನ್ನಡಿಗರು ಕಲ್ಪಿಸಿಕೊಂಡದ್ದು ಈ ಸಂವಾದದ ಮೂಲಕವೇ.

ಕಲ್ಯಾಣದ ಬಾಗಿಲಲ್ಲಿ

ಈಗ ಬಸವಕಲ್ಯಾಣಕ್ಕೆ ಹೋದವರು ಕೋಟೆ, ತ್ರಿಪುರಾಂತಕ ಕೆರೆ, ಪರುಷಕಟ್ಟೆ, ನುಲಿಯ ಚಂದಯ್ಯನ ಗವಿಗಳನ್ನು ನೋಡಿ ಬರುತ್ತಾರೆ. ಅಕ್ಕನ ಗವಿ ಎಂದು ತೋರಿಸಿದರೆ ಅನೇಕರು ಅದು ಮಹಾದೇವಿಯದೆಂದು ತಿಳಿಯುತ್ತಾರೆ. ಅದು ಬಸವಣ್ಣನ ಅಕ್ಕ ನಾಗಮ್ಮನ ಹೆಸರಿನದು. ಉಡುತಡಿಯ ಮಹಾದೇವಿ ಇಲ್ಲಿ ನೆಲೆ ನಿಂತವಳಲ್ಲ. ಬಂದಳು, ಉತ್ತರ ಕೊಟ್ಟಳು, ಶ್ರೀಶೈಲದ ಕದಳಿಗೆ ಹೊರಟುಹೋದಳು.

ಗೂಳೂರು ಸಿದ್ಧವೀರಣ್ಣನ ಶೂನ್ಯಸಂಪಾದನೆಯಲ್ಲಿ ಅವಳಿಗೆ ಮೊದಲು ಎದುರಾಗುವವನು ಕಿನ್ನರಿ ಬೊಮ್ಮಯ್ಯ. ಈಕೆಯ ವೈರಾಗ್ಯ ನಿಜವೋ ಸೋಗೋ ಎಂದು ಪರೀಕ್ಷಿಸಲು ಮುಂದಾಗುತ್ತಾನೆ. ಆ ಪರೀಕ್ಷೆ ಇಂದಿನ ಓದುಗರಿಗೆ ಕಿರುಕುಳದಂತೆಯೇ ಕಾಣುತ್ತದೆ. ಕೊನೆಗೆ ಅವನೇ ಸೋತು, ತಪ್ಪಾಯಿತೆಂದು ಕೈಮುಗಿಯುತ್ತಾನೆ. ಬೊಮ್ಮಯ್ಯ ಖಳನಲ್ಲ, ಶರಣ. ಒಳ್ಳೆಯವರ ಕಣ್ಣಿನಲ್ಲೂ ಅನುಮಾನ ಇರುತ್ತದೆ ಎಂಬುದನ್ನು ಗ್ರಂಥ ಮುಚ್ಚಿಟ್ಟಿಲ್ಲ.

ಮಂಟಪದಲ್ಲಿ ಅಲ್ಲಮನ ಪ್ರಶ್ನೆಗಳು ಇನ್ನೂ ಖಾರ. ತುಂಬು ಯೌವನದವಳು ನೀನು, ಇಲ್ಲಿಗೇಕೆ ಬಂದೆ? ನಿನ್ನ ಗಂಡ ಯಾರೆಂದು ಹೇಳು, ಇಲ್ಲವಾದರೆ ಬಂದ ದಾರಿ ಹಿಡಿ. ಮಹಾದೇವಿ ಚೆನ್ನಮಲ್ಲಿಕಾರ್ಜುನನ ಹೆಸರು ಹೇಳುತ್ತಾಳೆ. ಅಲ್ಲಮ ಅಲ್ಲಿಗೆ ಬಿಡುವುದಿಲ್ಲ. ಅವನ ಮುಂದಿನ ಪ್ರಶ್ನೆ ಕೂದಲಿನದು. ದೇಹದ ಹಂಗು ಹರಿಯಿತೆಂದು ಸೀರೆ ಬಿಟ್ಟವಳು ಮೈಯನ್ನು ಕೂದಲಿನಿಂದ ಮರೆಮಾಡಿಕೊಂಡದ್ದೇಕೆ? ನಾಚಿಕೆ ಪೂರ್ತಿ ಹೋಗಿಲ್ಲ ಎಂದಲ್ಲವೇ ಇದರ ಅರ್ಥ?

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿಗಳಿದ್ದವು. ಅವಳು ಅಳಬಹುದಿತ್ತು, ಸಿಟ್ಟಾಗಬಹುದಿತ್ತು, ಪವಾಡವೊಂದು ನಡೆದು ಸಭೆಯ ಬಾಯಿ ಮುಚ್ಚಿಸಬಹುದಿತ್ತು. ಶೂನ್ಯಸಂಪಾದನೆ ಇವು ಯಾವುದನ್ನೂ ಆರಿಸಿಕೊಳ್ಳದೆ ಅವಳಿಂದಲೇ ಉತ್ತರ ಹೇಳಿಸುತ್ತದೆ. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಬಣ್ಣಗೆಡುವುದಿಲ್ಲ ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಕೂದಲಿನ ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲಿ ಎಂದು ಮಾಡಿಕೊಂಡದ್ದು ಎಂಬುದು ಅವಳ ಉತ್ತರದ ತಾತ್ಪರ್ಯ. ನಾಚಿಕೆಯ ಪ್ರಶ್ನೆಯನ್ನು ಹೀಗೆ ಅವಳು ನೋಡುವವರ ಕಡೆಗೆ ತಿರುಗಿಸುತ್ತಾಳೆ. ತೊಂದರೆ ಇರುವುದು ದೇಹದಲ್ಲೋ ಕಣ್ಣಿನಲ್ಲೋ? ಸಭೆ ಅವಳನ್ನು ಒಪ್ಪುತ್ತದೆ. ಅವಳ ಒಂದು ವಚನ ಹಿರಿಯ ಶರಣರ ಎಷ್ಟೋ ವಚನಗಳಿಗೆ ಸಮ ಎಂದು ಚೆನ್ನಬಸವಣ್ಣ ಲೆಕ್ಕ ಹಾಕಿ ಹೇಳುತ್ತಾನೆ. ಆ ಸಭೆಯಲ್ಲಿ ಕಿರಿಯಳಾದವಳು ಎಲ್ಲರಿಗೂ ಅಕ್ಕನಾಗುತ್ತಾಳೆ.

ಈ ಪಾತ್ರ ಎಷ್ಟು ಸಂಕೀರ್ಣ ಎಂಬುದು ಅವಳ ಹೆಸರಿನಲ್ಲಿ ಉಳಿದಿರುವ ನಾನೂರಕ್ಕೂ ಹೆಚ್ಚು ವಚನಗಳನ್ನು ಓದಿದರೆ ತಿಳಿಯುತ್ತದೆ. ಹಸಿದರೆ ಊರ ಭಿಕ್ಷೆ, ಮಲಗಲು ಪಾಳು ದೇಗುಲ ಎಂದು ಲೆಕ್ಕ ಹಾಕುವ ಒಂಟಿ ಪ್ರಯಾಣಿಕಳು ಅಲ್ಲಿದ್ದಾಳೆ. ಹಿಂದೆ ಬಿದ್ದ ಗಂಡಸನ್ನು ಅಣ್ಣ ಎಂದು ಕರೆದೇ ಸಾಗಹಾಕುವ ಜಾಣೆ ಇದ್ದಾಳೆ. ಚೆನ್ನಮಲ್ಲಿಕಾರ್ಜುನನಿಗಾಗಿ ವಿರಹದಲ್ಲಿ ಬೇಯುವ ಹೆಣ್ಣೂ ಅವಳೇ. ಅವಳು ದೇಹವನ್ನು ಹೊಲಸೆಂದು ಹಳಿಯುವುದೂ ಉಂಟು, ಅದೇ ದೇಹದ ಮಾತಿನಲ್ಲಿ ದೇವರನ್ನು ಕೂಗಿ ಕರೆಯುವುದೂ ಉಂಟು. ಈ ವಿರೋಧಗಳನ್ನು ಯಾರೂ ತಿದ್ದಿ ಸರಿಮಾಡಲಿಲ್ಲ. ಫ.ಗು. ಹಳಕಟ್ಟಿಯವರಂಥವರು ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಅಚ್ಚಿಗೆ ತಂದಾಗ, 1993ರಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯ ಪ್ರಕಟಿಸಿದಾಗ, ಅವು ಹಾಗೆಯೇ ನಮ್ಮ ಕೈಗೆ ಬಂದವು.

ಬೆತ್ತಲೆ ಎಂಬ ಶಿಕ್ಷೆ

ಅದೇ ವಚನ ಪರಂಪರೆಯಲ್ಲಿ ಇನ್ನೊಬ್ಬ ಹೆಣ್ಣಿದ್ದಾಳೆ. ಅವಳ ಹೆಸರು ಸೂಳೆ ಸಂಕವ್ವೆ. ಉಳಿದಿರುವುದು ಒಂದೇ ವಚನ. ಕಸುಬಿನ ಭಾಷೆಯಲ್ಲೇ ಅವಳು ನಿಷ್ಠೆಯ ಮಾತಾಡುತ್ತಾಳೆ. ಒಬ್ಬನಿಂದ ಒತ್ತೆ ಪಡೆದ ಮೇಲೆ ಇನ್ನೊಬ್ಬನಿಂದ ಪಡೆದರೆ ತನ್ನನ್ನು ಬೆತ್ತಲೆ ನಿಲ್ಲಿಸಿ ಕೊಲ್ಲುತ್ತಾರೆ ಎಂಬ ಭಯ ಆ ವಚನದಲ್ಲಿದೆ. ಅವಳ ಅಂಕಿತ ನಿರ್ಲಜ್ಜೇಶ್ವರ. ಲಜ್ಜೆಯಿಲ್ಲದವಳೆಂದು ಊರು ಕರೆಯುವ ಹೆಣ್ಣು ತನ್ನ ದೇವರಿಗೇ ಆ ಹೆಸರಿಟ್ಟಳು.

ಮಹಾದೇವಿ ಮತ್ತು ಸಂಕವ್ವೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಬ್ಬಳಿಗೆ ಬೆತ್ತಲೆ ತಾನೇ ಆರಿಸಿಕೊಂಡ ದಾರಿ. ಇನ್ನೊಬ್ಬಳಿಗೆ ಅದು ಊರು ಕೊಡಬಹುದಾದ ಶಿಕ್ಷೆ. ಕಣ್ಣಿಗೆ ಕಾಣುವ ದೃಶ್ಯ ಎರಡೂ ಕಡೆ ಒಂದೇ. ತೀರ್ಮಾನ ಯಾರದು ಎಂಬುದರಲ್ಲಿ ವ್ಯತ್ಯಾಸವಿದೆ.

ಈ ವ್ಯತ್ಯಾಸ ಹಳೆಯ ಕಾಲದ್ದು ಮಾತ್ರ ಅಲ್ಲ. ಉಡುತಡಿ ಇರುವ ಶಿವಮೊಗ್ಗ ಜಿಲ್ಲೆಯಲ್ಲೇ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬಾ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೆ, ಪತ್ರಕರ್ತರ ಮೇಲೆ ಹಲ್ಲೆ ನಡೆಯಿತು. ನಂತರ ಸರ್ಕಾರ ಅದನ್ನು ನಿಷೇಧಿಸಿತು. ಹರಕೆಯ ಹೆಸರಿನಲ್ಲಿ ಬಡ ಮನೆಯ ಹೆಣ್ಣುಮಕ್ಕಳು ಜನಜಂಗುಳಿಯ ನಡುವೆ ಓಡಬೇಕಾಗಿದ್ದಾಗ, ಅಕ್ಕನೂ ಹೀಗೇ ಇದ್ದಳಲ್ಲ ಎಂದರೆ ಅದು ಸಮರ್ಥನೆಯಾಗದು. ಅಕ್ಕನನ್ನು ಮಂಟಪ ಪ್ರಶ್ನೆ ಕೇಳಿತ್ತು, ಅವಳ ಉತ್ತರಕ್ಕೆ ಕಾದಿತ್ತು.

ಗೊಮ್ಮಟನಿಗಿಲ್ಲದ ಮರೆ

ಕನ್ನಡ ನಾಡು ನಗ್ನತೆಗೆ ಅಂಜುವ ನಾಡೇನೂ ಅಲ್ಲ. ಶ್ರವಣಬೆಳಗೊಳದಲ್ಲಿ 10ನೇ ಶತಮಾನದ ಕೊನೆಯಲ್ಲಿ ನಿಂತ 58 ಅಡಿಯ ಗೊಮ್ಮಟನನ್ನು ಸಂಸಾರಸಮೇತ ಹೋಗಿ ನೋಡುತ್ತೇವೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಅಲ್ಲಿ ಕಾಣುವುದು ತ್ಯಾಗ. ಆದರೆ ಅದೇ ದಿಗಂಬರ ಸಂಪ್ರದಾಯದಲ್ಲಿ ನಗ್ನ ದೀಕ್ಷೆ ಗಂಡಸರಿಗೆ ಮಾತ್ರ. ಆರ್ಯಿಕೆಯರು ಬಿಳಿ ಸೀರೆ ಉಡುತ್ತಾರೆ. ಮಹಾದೇವಿ ದಾಟಿದ್ದು ಈ ಗೆರೆಯನ್ನು. ಗಂಡಿಗೆ ವೈರಾಗ್ಯದ ಗುರುತಾದದ್ದು ಹೆಣ್ಣಿಗೆ ಏಕೆ ಆಗಬಾರದು ಎಂಬ ಪ್ರಶ್ನೆ ಅವಳ ನಡಿಗೆಯಲ್ಲೇ ಇತ್ತು.

ಚಿತ್ರಕಾರರು ಅದಕ್ಕೆ ಅಂಜಿದರು. ಕ್ಯಾಲೆಂಡರಿನ ಅಕ್ಕ, ಮಠದ ಗೋಡೆಯ ಅಕ್ಕ, ವೃತ್ತದ ಪ್ರತಿಮೆಯ ಅಕ್ಕ ಹೆಚ್ಚಾಗಿ ಬಿಳಿ ಬಟ್ಟೆ ಉಟ್ಟವಳು, ಇಲ್ಲವೇ ಮೊಣಕಾಲಿನ ತನಕ ಇಳಿದ ಕೂದಲಲ್ಲಿ ಪೂರ್ತಿ ಅಡಗಿದವಳು. ಅಂಗೈಯಲ್ಲಿ ಇಷ್ಟಲಿಂಗ, ಅರೆಮುಚ್ಚಿದ ಕಣ್ಣು. ಅಲ್ಲಮ ಪ್ರಶ್ನಿಸಿದ ಕೂದಲೇ ಅವಳ ಸೀರೆಯಾಗಿದೆ. ಭಕ್ತಿಯಿಂದ ಬರೆದ ಚಿತ್ರಗಳನ್ನು ದೂರಬೇಕಾಗಿಲ್ಲ. ಆದರೆ ಅವುಗಳಲ್ಲಿ ಉತ್ತರ ಇದೆ, ಪ್ರಶ್ನೆ ಇಲ್ಲ.

ಬೇರೆ ನಾಡುಗಳಲ್ಲೂ ಹೀಗೇ ಆಗಿದೆ. 14ನೇ ಶತಮಾನದ ಕಾಶ್ಮೀರದ ಲಲ್ಲೇಶ್ವರಿಯೂ ಬಟ್ಟೆಯ ಹಂಗು ತೊರೆದು ತಿರುಗಿದಳೆಂಬ ಪ್ರತೀತಿ ಇದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 11ನೇ ಶತಮಾನದ ಗೊಡೈವಾ ಎಂಬ ಶ್ರೀಮಂತೆ ಜನರ ತೆರಿಗೆ ಇಳಿಸಲು ಗಂಡನ ಪಣಕ್ಕೆ ಒಪ್ಪಿ ಬಟ್ಟೆಯಿಲ್ಲದೆ ಕುದುರೆಯ ಮೇಲೆ ಊರು ಸುತ್ತಿದಳೆಂಬ ಕತೆಯಿದೆ. 13ನೇ ಶತಮಾನದಲ್ಲಿ ಅದನ್ನು ಬರೆದವನು ಅವಳ ಮೈಯನ್ನೂ ಕೂದಲಿನಿಂದಲೇ ಮುಚ್ಚಿದ. ಇನ್ನೂ ಕೆಲವು ಶತಮಾನ ಕಳೆದ ಮೇಲೆ ಕತೆಗೆ ಕದ್ದು ನೋಡುವ ಟಾಮ್ ಎಂಬ ದರ್ಜಿ ಸೇರಿಕೊಂಡ. ಹೇಳುವವರಿಗೆ ನೋಡುವವನೊಬ್ಬ ಬೇಕಾಗಿದ್ದ. ನಮ್ಮಲ್ಲಿ ನೋಡುವವನ ಜಾಗದಲ್ಲಿ ಅಲ್ಲಮ ಇದ್ದಾನೆ. ಅವನು ಕದ್ದು ನೋಡದೆ ಎದುರಿಗೆ ಕುಳಿತು ಕೇಳುತ್ತಾನೆ.

ಕ್ಯಾಮೆರಾ ಬಂದ ಮೇಲೆ

ಕಾವ್ಯದಲ್ಲಿ ನಗ್ನಳಾದಳು ಎಂದು ಬರೆದರೆ ಓದುಗನ ಮನಸ್ಸು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ. ಅದರ ಮುಂದೆ ನಿಜವಾದ ನಟಿ ನಿಲ್ಲಬೇಕು. ಆದ್ದರಿಂದ ಪಾತ್ರದ ಜತೆಗೆ ಆ ನಟಿಯ ಪ್ರಶ್ನೆಯೂ ಹುಟ್ಟುತ್ತದೆ.

ಭಾರತದಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಶೇಖರ್ ಕಪೂರ್ ಅವರ 1994ರ ‘ಬ್ಯಾಂಡಿಟ್ ಕ್ವೀನ್’ ಚಿತ್ರದಿಂದ. ಫೂಲನ್ ದೇವಿಯನ್ನು ಊರಿನವರ ಎದುರು ಬೆತ್ತಲೆ ನಡೆಸುವ ದೃಶ್ಯ ಅದರಲ್ಲಿತ್ತು. ದೆಹಲಿ ಹೈಕೋರ್ಟ್ ಪ್ರದರ್ಶನ ತಡೆಯಿತು. 1996ರ ಮೇ 1ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ನಗ್ನತೆ ಇದ್ದ ಮಾತ್ರಕ್ಕೆ ಅಶ್ಲೀಲವಾಗದು, ದೃಶ್ಯವನ್ನು ಇಡೀ ಕತೆಯ ಜತೆಗಿಟ್ಟು ನೋಡಬೇಕು, ಈ ದೃಶ್ಯ ಹುಟ್ಟಿಸುವುದು ಕಾಮವನ್ನಲ್ಲ, ಅದನ್ನು ಮಾಡಿದವರ ಬಗ್ಗೆ ಅಸಹ್ಯವನ್ನು ಎಂಬುದು ನ್ಯಾಯಾಲಯದ ನಿಲುವಿನ ಸಾರ. ಸಂಕವ್ವೆ ಅಂಜಿದ ಶಿಕ್ಷೆ ಎಂಟು ಶತಮಾನಗಳ ನಂತರ ತೆರೆಯ ಮೇಲೆ ಬಂದಿತ್ತು.

ಇನ್ನು ಹದಿಹರೆಯದವರ ಕತೆಗಳು. 2019ರಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಆರಂಭವಾದ ‘ಯೂಫೋರಿಯಾ’ ಶಾಲಾ ವಿದ್ಯಾರ್ಥಿಗಳ ಮಾದಕ ವ್ಯಸನ, ಪ್ರೀತಿ, ಒಂಟಿತನಗಳನ್ನು ಹೇಳುವ ಧಾರಾವಾಹಿ. ಪಾತ್ರಗಳು ಹದಿಹರೆಯದವು, ನಟಿಸಿದವರು ವಯಸ್ಕರು. ಸರಳವಾಗಿ ಒಳ್ಳೆಯವರು, ಕೆಟ್ಟವರು ಎಂದು ವಿಂಗಡಿಸಲಾಗದ ಆ ಪಾತ್ರಗಳನ್ನು ಮೆಚ್ಚಿದವರೇ ಅದರಲ್ಲಿನ ನಗ್ನ ದೃಶ್ಯಗಳು ಅತಿಯಾದವೆಂದು ಆಕ್ಷೇಪಿಸಿದರು. ಕೆಲವು ಕಡೆ ಬಟ್ಟೆ ಬಿಡುವ ಅಗತ್ಯವಿಲ್ಲ ಎಂದು ತಾನು ಹೇಳಿದಾಗ ನಿರ್ದೇಶಕರು ಒಪ್ಪಿ ಕೈಬಿಟ್ಟರೆಂದು ಅದರ ನಟಿ ಸಿಡ್ನಿ ಸ್ವೀನಿ 2022ರಲ್ಲಿ ತಿಳಿಸಿದರು. ಇಂಥ ದೃಶ್ಯಗಳ ಚಿತ್ರೀಕರಣದಲ್ಲಿ ಕಲಾವಿದರ ಒಪ್ಪಿಗೆಯನ್ನು ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸುವ ಪದ್ಧತಿಯನ್ನು ಆ ವಾಹಿನಿ 2018ರಲ್ಲಿ ತಂದಿತ್ತು. ನಮ್ಮಲ್ಲಿ 2021ರ ನಿಯಮಗಳ ಪ್ರಕಾರ ಅಂತರ್ಜಾಲದ ಕಾರ್ಯಕ್ರಮಗಳಿಗೆ 7, 13, 16 ವರ್ಷಕ್ಕೆ ಮೇಲ್ಪಟ್ಟವರಿಗೆ ಮತ್ತು ವಯಸ್ಕರಿಗೆ ಎಂಬ ಗುರುತು ಹಾಕಬೇಕು.

ಗುರುತು ಹಾಕುವುದು ಬೇಕು. ಮನೆಯಲ್ಲಿ ಮಕ್ಕಳಿರುವವರಿಗೆ ಅದರ ಬೆಲೆ ಗೊತ್ತು. ಆದರೆ ಗುರುತು ವಯಸ್ಸನ್ನು ಹೇಳುತ್ತದೆಯೇ ಹೊರತು ದೃಶ್ಯ ಏಕೆ ಅಲ್ಲಿದೆ ಎಂದು ಹೇಳುವುದಿಲ್ಲ. ಆ ಹುಡುಗಿಯ ಬಾಯಲ್ಲಿ ಮಾತಿದೆಯೇ, ಅಥವಾ ಅವಳು ಬರಿಯ ಮೈಯಾಗಿ ನಿಂತಿದ್ದಾಳೆಯೇ? ತೀರ್ಮಾನ ಅವಳದೋ, ಅವಳನ್ನು ನೋಡುವವರದೋ? ಈ ಪ್ರಶ್ನೆಗಳಿಗೆ ಯಾವ ಮಂಡಳಿಯ ಪ್ರಮಾಣಪತ್ರವೂ ಉತ್ತರ ಕೊಡದು.

ಹೊಸ ಮಂಟಪದಲ್ಲಿ

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 770 ಅಮರಗಣಂಗಳ ನೆನಪಿಗೆ 770 ಕಂಬಗಳ ಯೋಜನೆ ಅದು. ಊರಿನಲ್ಲಿ ಈಗಾಗಲೇ 108 ಅಡಿಯ ಬಸವಣ್ಣನ ಪ್ರತಿಮೆ ಇದೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂದಿದೆ. ಗೌರವಕ್ಕೆ ಕೊರತೆಯಿಲ್ಲ.

ಆದರೆ ಹೊಸ ಮಂಟಪವನ್ನು ನೋಡಲು ಬರುವ ಹೆಣ್ಣುಮಗಳು, ಹುಮನಾಬಾದಿನ ಕಾಲೇಜಿನಿಂದಲೋ ಬಸವಕಲ್ಯಾಣದ ಹೈಸ್ಕೂಲಿನಿಂದಲೋ ಗೆಳತಿಯರ ಜತೆ ಬಂದವಳು, ಅಲ್ಲಿ ಯಾವ ಅಕ್ಕನನ್ನು ಕಾಣಬೇಕು? ಕೂದಲಲ್ಲಿ ಅಡಗಿ ಕಣ್ಣು ಮುಚ್ಚಿದವಳನ್ನೇ ತೋರಿಸಿದರೆ ಕೈಮುಗಿದು ಮುಂದೆ ಹೋಗುತ್ತಾಳೆ. ಹಿರಿಯರ ಸಭೆಯ ನಡುವೆ ನಿಂತು ಮುಜುಗರದ ಪ್ರಶ್ನೆಗೆ ತಾನೇ ಉತ್ತರ ಹೇಳುತ್ತಿರುವವಳನ್ನು ತೋರಿಸಿದರೆ ಪ್ರಾಯಶಃ ಒಂದು ಗಳಿಗೆ ನಿಲ್ಲುತ್ತಾಳೆ. ಆ ಸಂವಾದವನ್ನು ತೋರಿಸಲು ನಗ್ನತೆಯ ಚಿತ್ರವೇ ಬೇಕೆಂದಿಲ್ಲ. ಮಾತು ಇದ್ದರೆ ಸಾಕು. ಶೂನ್ಯಸಂಪಾದನೆಯೂ ಮಾತಿನಿಂದಲೇ ಅದನ್ನು ತೋರಿಸಿದೆ.

ಜಲಸಂಗಿಯ ಗೋಡೆಯ ಮೇಲಿನ ಹೆಣ್ಣು ಒಂಬತ್ತು ಶತಮಾನಗಳಿಂದ ಅರಸನ ಕೀರ್ತಿಯನ್ನು ಬರೆಯುತ್ತಲೇ ಇದ್ದಾಳೆ. ಅವಳ ಹೆಸರೇನೆಂದು ಯಾರಿಗೂ ತಿಳಿಯದು. ಕೌಶಿಕ ಎಂಬ ಅರಸನ ನೆನಪು ಜನರಲ್ಲಿ ಇಂದು ಉಳಿದಿದ್ದರೆ ಅದು ಮಹಾದೇವಿ ಬಿಟ್ಟುಹೋದ ಗಂಡಸು ಎಂಬ ಕಾರಣಕ್ಕೆ.